ಒಂದು ಮೌಲ್ಯ, ಒಂದೇ ಮೂಲ: ಪಂಚಾಯತಿ ತಂತ್ರಾಂಶಗಳಲ್ಲಿ ಸಾಮಾನ್ಯ ಸಂರಚನಾ ಮೌಲ್ಯಗಳ ಹಂಚಿಕೆ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ
ಹೊನ್ನಾವರ, ಕುಮಟಾ ಮತ್ತು ಭಟ್ಕಳ ತಾಲೂಕುಗಳ ಉದಾಹರಣೆಗಳೊಂದಿಗೆ

ಪಾಠದ ಉದ್ದೇಶ

ಗ್ರಾಮ ಪಂಚಾಯತಿ ಕಚೇರಿಯ ಡಾಟಾ ಎಂಟ್ರಿ ಆಪರೇಟರ್ ಒಂದೇ ಗಣಕಯಂತ್ರದ ಮುಂದೆ ಕುಳಿತು ದಿನವೊಂದರಲ್ಲಿ ಹಲವು ತಂತ್ರಾಂಶಗಳನ್ನು ತೆರೆಯಬೇಕಾಗುತ್ತದೆ. ತೆರಿಗೆಯ ಬೇಡಿಕೆ, ವಸೂಲಿ ಮತ್ತು ಬಾಕಿಯ ಲೆಕ್ಕ ಪಂಚತಂತ್ರದಲ್ಲಿದೆ. ಆಸ್ತಿಗಳ ನಮೂನೆ 9 ಮತ್ತು ನಮೂನೆ 11 ಇ-ಸ್ವತ್ತಿನಲ್ಲಿವೆ. ಹಣಕಾಸು ಆಯೋಗದ ಅನುದಾನಕ್ಕೆ ಸಂಬಂಧಿಸಿದ ಯೋಜನೆ ಹಾಗೂ ಪಾವತಿ, 2020ರ ಏಪ್ರಿಲ್ 24ರ ರಾಷ್ಟ್ರೀಯ ಪಂಚಾಯತ್ ರಾಜ್ ದಿನದಂದು ಲೋಕಾರ್ಪಣೆಗೊಂಡ ಇ-ಗ್ರಾಮ ಸ್ವರಾಜ್‌ನಲ್ಲಿ ನಡೆಯುತ್ತವೆ. ಉದ್ಯೋಗ ಖಾತರಿಯ ಕೂಲಿಗೆ ಬೇರೆಯೇ ತಂತ್ರಾಂಶವಿದೆ.

ಇವುಗಳಲ್ಲಿ ಪ್ರತಿಯೊಂದಕ್ಕೂ ಕೆಲವು ವಿವರಗಳು ಸಮಾನವಾಗಿ ಬೇಕು: ಪಂಚಾಯತಿಯ ಹೆಸರು ಮತ್ತು ಸಂಕೇತ ಸಂಖ್ಯೆ, ಬ್ಯಾಂಕ್ ಶಾಖೆಯ ಗುರುತು, ಆರ್ಥಿಕ ವರ್ಷ, ಜಾರಿಯಲ್ಲಿರುವ ದರ. ಒಂದೇ ವಿವರವನ್ನು ನಾಲ್ಕು ಕಡೆ ನಾಲ್ಕು ಬಾರಿ ಬರೆದಿಟ್ಟರೆ, ಬದಲಾವಣೆಯ ದಿನ ಮೂರು ಕಡೆ ತಿದ್ದಿ ಒಂದು ಕಡೆ ಮರೆಯುವ ಸಂಭವವಿದೆ. ಆ ಮರೆವಿನ ಫಲವನ್ನು ಅನುಭವಿಸುವವರು ಪಾವತಿಗಾಗಿ ಕಾದವರು ಹಾಗೂ ಪ್ರಮಾಣ ಪತ್ರಕ್ಕಾಗಿ ಅಲೆದವರು.

ಈ ಪಾಠವನ್ನು ಓದಿದ ಸದಸ್ಯರು ಈ ಕೆಳಗಿನ ಮೂರು ಅಂಶಗಳನ್ನು ತಿಳಿಯುವಂತಾಗಬೇಕು:

1. ಸಂರಚನಾ ಮೌಲ್ಯ ಎಂದರೇನು ಮತ್ತು ಅದನ್ನು ಒಂದು ಸರ್ವರ್‌ನ ಹಲವು ತಂತ್ರಾಂಶಗಳು ಹೇಗೆ ಹಂಚಿಕೊಳ್ಳುತ್ತವೆ.
2. ಯಾವ ಮೌಲ್ಯ ಎಲ್ಲರಿಗೂ ಸಾಮಾನ್ಯವಾಗಿರಬೇಕು, ಯಾವುದು ಪಂಚಾಯತಿಯ ಸ್ವಂತ ತೀರ್ಮಾನವಾಗಿರಬೇಕು ಮತ್ತು ಯಾವುದನ್ನು ಹಂಚಲೇಬಾರದು.
3. ಮೌಲ್ಯವೊಂದು ಬದಲಾದಾಗ ಸಭೆಯಲ್ಲಿ ಯಾವ ಪ್ರಶ್ನೆಗಳನ್ನು ಕೇಳಬೇಕು.

1. ಸಂರಚನಾ ಮೌಲ್ಯ ಎಂದರೇನು

ತಂತ್ರಾಂಶವೊಂದರಲ್ಲಿ ಎರಡು ಬಗೆಯ ಸಂಗತಿಗಳಿರುತ್ತವೆ. ಮೊದಲನೆಯದು ಕೆಲಸದ ಕ್ರಮ. ಎರಡನೆಯದು ಆ ಕ್ರಮಕ್ಕೆ ಬೇಕಾದ, ಸ್ಥಳಕ್ಕೆ ಮತ್ತು ಕಾಲಕ್ಕೆ ತಕ್ಕಂತೆ ಬದಲಾಗುವ ವಿವರ. ಈ ಎರಡನೆಯದನ್ನೇ ಸಂರಚನಾ ಮೌಲ್ಯ ಎನ್ನಲಾಗುತ್ತದೆ. ಕಚೇರಿಯ ಮಾತಿನಲ್ಲಿ ಇದು ‘ಸೆಟ್ಟಿಂಗ್’.

ಗ್ರಂಥಾಲಯ ಕರ ಇದಕ್ಕೆ ಸರಳವಾದ ನಿದರ್ಶನ. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವು ರೂಪಾಯಿಗೆ 6 ಪೈಸೆ. ಅಂದರೆ 1,000 ರೂಪಾಯಿ ತೆರಿಗೆಗೆ 60 ರೂಪಾಯಿ. ‘ತೆರಿಗೆಯನ್ನು ದರದಿಂದ ಗುಣಿಸಿ ಕೂಡಿಸು’ ಎಂಬುದು ಕೆಲಸದ ಕ್ರಮ. ‘6’ ಎಂಬುದು ಮೌಲ್ಯ. ಈ 6 ಎಂಬ ಅಂಕಿಯನ್ನು ತಂತ್ರಾಂಶದ ಒಳಗಿನ ಸಾವಿರಾರು ಸಾಲುಗಳ ನಡುವೆ ಹತ್ತು ಕಡೆ ಬರೆದಿದ್ದರೆ, ದರ ಬದಲಾದ ದಿನ ಆ ಹತ್ತು ಕಡೆಗಳನ್ನೂ ಹುಡುಕಬೇಕಾಗುತ್ತದೆ. ಅದಕ್ಕೆ ‘ಗ್ರಂಥಾಲಯ ಕರದ ದರ’ ಎಂದು ಹೆಸರಿಟ್ಟು, ತಂತ್ರಾಂಶದ ಹೊರಗೆ ಒಂದು ಕಡತದಲ್ಲಿ ಒಮ್ಮೆ ಮಾತ್ರ ಬರೆದಿಟ್ಟಿದ್ದರೆ ಒಂದು ತಿದ್ದುಪಡಿ ಸಾಕು. ಹೆಸರು ಸ್ಥಿರವಾಗಿದ್ದು ಅದರ ಬೆಲೆ ಬದಲಾಗಬಲ್ಲುದಾದ ಕಾರಣ ಇದನ್ನು ‘ಚರ’ ಎಂದೂ ಕರೆಯುತ್ತಾರೆ.

ಪಂಚಾಯತಿಯ ಮಟ್ಟಿಗೆ ಈ ಮೌಲ್ಯಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು ಗುರುತಿನ ಮೌಲ್ಯಗಳು: ರಾಜ್ಯ, ಜಿಲ್ಲೆ, ತಾಲೂಕು ಮತ್ತು ಪಂಚಾಯತಿಯ ಸಂಕೇತಗಳು, ಅಂಚೆ ಸಂಖ್ಯೆ, ಬ್ಯಾಂಕ್ ಶಾಖೆಯ ಗುರುತು. ಎರಡನೆಯದು ದರ ಮತ್ತು ಅವಧಿಯ ಮೌಲ್ಯಗಳು: ಕರ, ಕೂಲಿ, ಆರ್ಥಿಕ ವರ್ಷ, ಸೇವೆಗೆ ನಿಗದಿಯಾದ ದಿನಗಳು. ಮೂರನೆಯದು ಸಂಪರ್ಕದ ಮೌಲ್ಯಗಳು: ತಂತ್ರಾಂಶವು ದತ್ತಾಂಶವಿರುವ ಸ್ಥಳವನ್ನು ತಲುಪುವ ವಿಳಾಸ, ಬಳಕೆದಾರರ ಹೆಸರು, ಗುಪ್ತಪದ. ಮೊದಲ ಎರಡು ಗುಂಪುಗಳು ಬಹಿರಂಗ ವಿವರಗಳು. ಮೂರನೆಯದರಲ್ಲಿ ಗೋಪ್ಯ ವಿವರಗಳಿವೆ. ಈ ಭೇದವನ್ನು ಪಾಠದ ಕೊನೆಯವರೆಗೂ ನೆನಪಿನಲ್ಲಿಡುವುದು ಅಗತ್ಯ.

2. ಪ್ರತಿಗಳಿಂದ ಹುಟ್ಟುವ ತೊಡಕು

ಉತ್ತರ ಕನ್ನಡದ ಬಹಳಷ್ಟು ಮನೆಗಳಲ್ಲಿ ಕುಮಟಾ ತಾಲೂಕಿನ ಬಗ್ಗೋಣ ಪಂಚಾಂಗ ಪರಿಚಿತ. ಹಬ್ಬದ ದಿನವಾಗಲಿ ಮದುವೆಯ ಮುಹೂರ್ತವಾಗಲಿ, ಮನೆಮನೆಯವರೂ ತೆರೆದು ನೋಡುವುದು ಆ ವರ್ಷದ ಪಂಚಾಂಗವನ್ನು. ಒಂದು ಮನೆಯವರು ಅದರಿಂದ ತಿಥಿಗಳನ್ನು ಗೋಡೆಯ ಮೇಲೆ ಬರೆದುಕೊಂಡು, ಮುಂದಿನ ವರ್ಷವೂ ಗೋಡೆಯನ್ನೇ ನೋಡಿದರೆ ಅವರ ಹಬ್ಬ ಊರಿನ ಹಬ್ಬದಿಂದ ದೂರವಾಗುತ್ತದೆ. ಗೋಡೆಯ ಬರಹ ಬರೆದ ದಿನ ಸರಿಯಾಗಿಯೇ ಇತ್ತು; ಮೂಲ ಬದಲಾದದ್ದು ಗೋಡೆಗೆ ತಿಳಿಯಲಿಲ್ಲ. ತಂತ್ರಾಂಶಗಳಲ್ಲಿ ಪ್ರತಿ ಮಾಡಿಟ್ಟ ಮೌಲ್ಯಗಳ ಸ್ಥಿತಿಯೂ ಇದೇ.

ಇದರ ನೈಜ ನಿದರ್ಶನವನ್ನು ಬ್ಯಾಂಕುಗಳ ವಿಲೀನದಲ್ಲಿ ಕಾಣಬಹುದು. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐ.ಎಫ್.ಎಸ್. ಸಂಕೇತದಲ್ಲಿ 11 ಸ್ಥಾನಗಳಿವೆ. ಮೊದಲ 4 ಅಕ್ಷರಗಳು ಬ್ಯಾಂಕನ್ನು, ಕೊನೆಯ 6 ಸ್ಥಾನಗಳು ಶಾಖೆಯನ್ನು ಸೂಚಿಸುತ್ತವೆ, ನಡುವಿನದು ಸೊನ್ನೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಸಿಂಡಿಕೇಟ್ ಬ್ಯಾಂಕಿನ ‘ಎಸ್.ವೈ.ಎನ್.ಬಿ’ ಎಂದು ಆರಂಭವಾಗುವ ಸಂಕೇತಗಳ ಬದಲು ‘ಸಿ.ಎನ್.ಆರ್.ಬಿ’ ಎಂದು ಆರಂಭವಾಗುವ ಸಂಕೇತಗಳು ಬಂದವು. ಹಳೆಯ ಸಂಕೇತಗಳು ಕೂಡಲೇ ನಿಲ್ಲಲಿಲ್ಲ; 2021ರ ಜುಲೈ 1ರಿಂದ ಅವು ಅಮಾನ್ಯವಾದವು.

ವಿಲೀನಕ್ಕೂ ಅಮಾನ್ಯತೆಗೂ ನಡುವಿನ ಅಂತರ 15 ತಿಂಗಳು. ಆ ಅವಧಿಯಲ್ಲಿ ಹಳೆಯ ಸಂಕೇತವನ್ನು ತಿದ್ದದಿದ್ದವರ ಪಾವತಿಯೂ ಸಾಗುತ್ತಿತ್ತು; ಆದ್ದರಿಂದ ಎಲ್ಲಿ ಹಳೆಯ ಪ್ರತಿ ಉಳಿದಿದೆ ಎಂಬುದು ಗೋಚರಿಸಲಿಲ್ಲ. ಪ್ರತಿಗಳ ಮುಖ್ಯ ಅಪಾಯ ಇದೇ. ತಪ್ಪು ನಡೆದ ದಿನ ಅದು ಕಾಣುವುದಿಲ್ಲ. ಕಾಣುವ ದಿನಕ್ಕೆ ಕಾರಣ ಹಳೆಯದಾಗಿರುತ್ತದೆ, ಬರೆದಿಟ್ಟವರು ವರ್ಗವಾಗಿ ಹೋಗಿರುತ್ತಾರೆ.

ಒಂದು ಕಾಲ್ಪನಿಕ ಪ್ರಸಂಗದ ಮೂಲಕ ಇದನ್ನು ವಿವರಿಸಬಹುದು. ಬೇಸಿಗೆಯಲ್ಲಿ ಕುಡಿಯುವ ನೀರಿನ ಪಂಪು ಕೆಟ್ಟಿತು. ಊರಿನ ಕುಶಲಕರ್ಮಿಯೊಬ್ಬರು ಎರಡು ದಿನ ದುಡಿದು ಅದನ್ನು ಸರಿಪಡಿಸಿದರು. ಅವರ ಬ್ಯಾಂಕ್ ಶಾಖೆಯ ಹೊಸ ಸಂಕೇತ ಒಂದು ತಂತ್ರಾಂಶದಲ್ಲಿ ದಾಖಲಾಗಿತ್ತು. ಪಾವತಿ ಹೊರಡುವ ತಂತ್ರಾಂಶದಲ್ಲಿ ಹಳೆಯದೇ ಇತ್ತು. ಪಾವತಿ ಹಿಂದಿರುಗಿತು. ಕಚೇರಿಯಲ್ಲಿ ‘ಹಣ ಹಾಕಿಯಾಗಿದೆ’ ಎಂದರು. ಬ್ಯಾಂಕಿನಲ್ಲಿ ‘ಬಂದಿಲ್ಲ’ ಎಂದರು. ಎರಡೂ ಕಡೆಯವರು ತಮ್ಮ ತಮ್ಮ ಪರದೆಯ ಮೇಲಿದ್ದುದನ್ನೇ ಹೇಳಿದ್ದರು. ಆದರೆ ಮುಂದಿನ ಬಾರಿ ಪಂಪು ಕೆಟ್ಟಾಗ ಆ ಕುಶಲಕರ್ಮಿ ಬರಲು ಒಪ್ಪಲಿಲ್ಲ. ನಷ್ಟವಾದದ್ದು ನೀರಿಗಾಗಿ ಕೊಡ ಹಿಡಿದು ನಿಂತವರಿಗೆ.

ಈ ಬಗೆಯ ಬದಲಾವಣೆ ಮುಗಿದುಹೋದ ಕಥೆಯಲ್ಲ. ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಹೆಚ್ಚು ಶಾಖೆಗಳನ್ನು ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ಫಲಾನುಭವಿಗಳ, ಸರಬರಾಜುದಾರರ ಮತ್ತು ಸ್ವತಃ ಪಂಚಾಯತಿಯ ಖಾತೆಗಳ ವಿವರಗಳು ಯಾವ ಯಾವ ತಂತ್ರಾಂಶಗಳಲ್ಲಿ ಹೇಗೆ ನಮೂದಾಗಿವೆ ಎಂದು ಪರಿಶೀಲಿಸಲು ಇದು ಸಕಾರಣವಾದ ಸಂದರ್ಭ.

3. ಸರ್ವರ್‌ನಲ್ಲಿ ಹಂಚಿಕೆ ನಡೆಯುವ ವಿಧಾನಗಳು

ತಂತ್ರಾಂಶಗಳು ಪಂಚಾಯತಿ ಕಚೇರಿಯ ಗಣಕಯಂತ್ರದಲ್ಲಿ ಇರುವುದಿಲ್ಲ. ದೂರದ ದತ್ತಾಂಶ ಕೇಂದ್ರದ ಸರ್ವರ್‌ಗಳಲ್ಲಿ ಇರುತ್ತವೆ. ಒಂದೇ ಸರ್ವರ್‌ನಲ್ಲಿ ಹಲವು ತಂತ್ರಾಂಶಗಳಿದ್ದಾಗ, ಅವೆಲ್ಲಕ್ಕೂ ಬೇಕಾದ ಮೌಲ್ಯವನ್ನು ಇಡಲು ಸಾಮಾನ್ಯವಾಗಿ ನಾಲ್ಕು ವಿಧಾನಗಳಿವೆ.

ಅ) ಪರಿಸರ ಚರ: ಸರ್ವರ್‌ನ ಕಾರ್ಯಾಚರಣಾ ವ್ಯವಸ್ಥೆಯೇ ಹೆಸರು ಮತ್ತು ಮೌಲ್ಯಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಪ್ರತಿ ತಂತ್ರಾಂಶ ಆರಂಭವಾಗುವಾಗ ಅದರ ಕೈಗೆ ಕೊಡುತ್ತದೆ. 1979ರ ಯೂನಿಕ್ಸ್ ವ್ಯವಸ್ಥೆಯ 7ನೆಯ ಆವೃತ್ತಿಯಿಂದ ಬಂದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಆ) ಸಾಮಾನ್ಯ ಕಡತ: ಇಡೀ ಸರ್ವರ್‌ಗೆ ಒಂದು ಕಡತ, ಪ್ರತಿ ತಂತ್ರಾಂಶಕ್ಕೆ ತನ್ನದೇ ಇನ್ನೊಂದು ಕಡತ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವ್ಯವಸ್ಥೆಯಲ್ಲಿ ಮೊದಲನೆಯದಕ್ಕೆ ‘ಮಷೀನ್ ಕಾನ್ಫಿಗ್’, ಎರಡನೆಯದಕ್ಕೆ ‘ವೆಬ್ ಕಾನ್ಫಿಗ್’ ಎಂಬ ಹೆಸರಿದೆ. ತಂತ್ರಾಂಶವು ಸಾಮಾನ್ಯ ಕಡತದ ಮೌಲ್ಯಗಳನ್ನು ಪಡೆದು, ಅವುಗಳ ಮೇಲೆ ತನ್ನ ಸ್ವಂತ ಕಡತದ ಮೌಲ್ಯಗಳನ್ನು ಅನ್ವಯಿಸುತ್ತದೆ.

ಇ) ಸಾಮಾನ್ಯ ಕೋಷ್ಟಕ: ದತ್ತಾಂಶ ಸಂಗ್ರಹದಲ್ಲಿಯೇ ದರ ಮತ್ತು ಸಂಕೇತಗಳ ಒಂದು ಮೂಲ ಕೋಷ್ಟಕವಿದ್ದು ಎಲ್ಲ ತಂತ್ರಾಂಶಗಳೂ ಅದನ್ನು ಓದುತ್ತವೆ. ಕಚೇರಿಯಲ್ಲಿ ‘ಮಾಸ್ಟರ್’ ಎನ್ನುವುದು ಇದನ್ನೇ.

ಈ) ಕೇಂದ್ರೀಯ ಸೇವೆ: ಬೇರೆ ಬೇರೆ ಸರ್ವರ್‌ಗಳಲ್ಲಿರುವ ತಂತ್ರಾಂಶಗಳು ಜಾಲದ ಮೂಲಕ ಒಂದೇ ನೆಲೆಯನ್ನು ವಿಚಾರಿಸಿ ಮೌಲ್ಯ ಪಡೆಯುತ್ತವೆ. ಮುಂದಿನ ಭಾಗದಲ್ಲಿ ಬರುವ ಸ್ಥಳೀಯ ಸರ್ಕಾರಗಳ ಕೋಶ ಈ ಬಗೆಯದು.

ಈ ವಿಧಾನಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ತಂತ್ರಜ್ಞರ ಕೆಲಸ. ಸದಸ್ಯರು ಅರಿಯಬೇಕಾದುದು ಇವುಗಳ ನಡವಳಿಕೆಯ ಮೂರು ಲಕ್ಷಣಗಳನ್ನು. ಕಚೇರಿಯಲ್ಲಿ ಕೇಳಿಬರುವ ‘ತಿದ್ದಿದರೂ ಹಳೆಯದೇ ಬರುತ್ತಿದೆ’ ಎಂಬ ದೂರಿಗೆ ಹೆಚ್ಚಿನ ಬಾರಿ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ.

ಮೊದಲನೆಯದು, ಓದುವ ಸಮಯ. ಪರಿಸರ ಚರವನ್ನು ತಂತ್ರಾಂಶ ಆರಂಭದಲ್ಲಿ ಮಾತ್ರ ಪಡೆಯುತ್ತದೆ. ಮೂಲದಲ್ಲಿ ತಿದ್ದಿದರೂ ತಂತ್ರಾಂಶವನ್ನು ನಿಲ್ಲಿಸಿ ಪುನಃ ಆರಂಭಿಸುವವರೆಗೆ ಅದು ಹಳೆಯ ಮೌಲ್ಯದೊಂದಿಗೇ ಕೆಲಸ ಮಾಡುತ್ತದೆ. ಕೇಂದ್ರೀಯ ಸೇವೆಯಿಂದ ಪಡೆದ ಮೌಲ್ಯವನ್ನೂ ಕೆಲವು ತಂತ್ರಾಂಶಗಳು ವೇಗದ ದೃಷ್ಟಿಯಿಂದ ತಮ್ಮಲ್ಲಿ ತಾತ್ಕಾಲಿಕವಾಗಿ ಸಂಗ್ರಹಿಸಿಕೊಳ್ಳುತ್ತವೆ. ಆ ಸಂಗ್ರಹ ನವೀಕರಣಗೊಳ್ಳುವವರೆಗೆ ಹೊಸದು ಕಾಣುವುದಿಲ್ಲ.

ಎರಡನೆಯದು, ಆದ್ಯತೆ. ಒಂದೇ ಹೆಸರಿನ ಮೌಲ್ಯ ಸಾಮಾನ್ಯ ಕಡತದಲ್ಲಿಯೂ ಸ್ವಂತ ಕಡತದಲ್ಲಿಯೂ ಇದ್ದರೆ ಸ್ವಂತ ಕಡತದ್ದೇ ಸಾಮಾನ್ಯವಾಗಿ ಅನ್ವಯವಾಗುತ್ತದೆ. ಹಿಂದೊಮ್ಮೆ ತುರ್ತಿಗಾಗಿ ಸ್ವಂತ ಕಡತದಲ್ಲಿ ಬರೆದ ಮೌಲ್ಯವನ್ನು ತೆಗೆಯದೆ ಬಿಟ್ಟರೆ, ಮುಂದೆ ಸಾಮಾನ್ಯ ಕಡತದಲ್ಲಿ ಎಷ್ಟು ಬಾರಿ ತಿದ್ದಿದರೂ ಆ ಒಂದು ತಂತ್ರಾಂಶಕ್ಕೆ ಅದು ತಲುಪುವುದಿಲ್ಲ.

ಮೂರನೆಯದು, ಹೆಸರಿನ ಗೊಂದಲ. ‘ವರ್ಷ’ ಎಂಬ ಹೆಸರು ಒಂದು ತಂತ್ರಾಂಶಕ್ಕೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷ. ಇನ್ನೊಂದಕ್ಕೆ ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ವರ್ಷ. ಎರಡೂ ಒಂದೇ ಹೆಸರಿನ ಮೌಲ್ಯವನ್ನು ಹಂಚಿಕೊಂಡರೆ ಜನವರಿ, ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳ ಲೆಕ್ಕ ಅದಲುಬದಲಾಗುತ್ತದೆ. ಆದ್ದರಿಂದ ಹಂಚುವ ಮೌಲ್ಯದ ಹೆಸರು ಅದರ ಅರ್ಥವನ್ನು ಪೂರ್ಣವಾಗಿ ಹೇಳುವಂತಿರಬೇಕು.

4. ಗುರುತಿನ ಮೌಲ್ಯ: ಸ್ಥಳೀಯ ಸರ್ಕಾರಗಳ ಕೋಶ

ಊರಿನ ಹೆಸರನ್ನು ನಂಬಿ ಲೆಕ್ಕ ನಡೆಸುವುದು ಕಷ್ಟ. ಹಳದೀಪುರ ಎಂದೂ ಹಲ್ದೀಪುರ ಎಂದೂ, ಮುಗ್ವಾ ಎಂದೂ ಮುಗವಾ ಎಂದೂ ಬರೆಯುವ ರೂಢಿಯಿದೆ. ಹೊನ್ನಾವರ ತಾಲೂಕಿನ ಕಾಸರಕೋಡಕ್ಕೂ ಕೇರಳದ ಕಾಸರಗೋಡಿಗೂ ಇರುವ ವ್ಯತ್ಯಾಸ ಒಂದೆರಡು ಅಕ್ಷರಗಳದ್ದು. ಜನರು ಸಂದರ್ಭದಿಂದ ಅರ್ಥ ಮಾಡಿಕೊಳ್ಳುತ್ತಾರೆ. ತಂತ್ರಾಂಶಕ್ಕೆ ಒಂದು ಅಕ್ಷರ ಬೇರೆಯಾದರೆ ಅದು ಬೇರೆಯೇ ಊರು.

ಈ ಕಾರಣದಿಂದ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಎಲ್.ಜಿ.ಡಿ. ಎಂಬ ಸ್ಥಳೀಯ ಸರ್ಕಾರಗಳ ಕೋಶವನ್ನು ನಿರ್ವಹಿಸುತ್ತಿದೆ. ದೇಶದ ಪ್ರತಿಯೊಂದು ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮ ಹಾಗೂ ಸ್ಥಳೀಯ ಸಂಸ್ಥೆಗೆ ಅಲ್ಲಿ ಪ್ರತ್ಯೇಕ ಸಂಖ್ಯೆಯಿದೆ. ಕರ್ನಾಟಕ ರಾಜ್ಯದ ಸಂಖ್ಯೆ 29. ಇ-ಗ್ರಾಮ ಸ್ವರಾಜ್‌ನಂತಹ ತಂತ್ರಾಂಶಗಳು ಪಂಚಾಯತಿಯನ್ನು ಈ ಕೋಶದ ಸಂಖ್ಯೆಯಿಂದಲೇ ಗುರುತಿಸುತ್ತವೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಜಿ.ಎಸ್.ಟಿ. ನೋಂದಣಿಯಲ್ಲಿಯೂ ಕರ್ನಾಟಕದ ಸಂಖ್ಯೆ 29 ಆಗಿದೆ. ಆದರೆ ನರೇಗಾ ತಂತ್ರಾಂಶದಲ್ಲಿ ಅದು 15. ಪ್ರತಿ ತಂತ್ರಾಂಶವೂ ತನ್ನದೇ ಸಂಕೇತ ಪಟ್ಟಿಯೊಂದಿಗೆ ಬೆಳೆದರೆ ಹೀಗಾಗುತ್ತದೆ. ಒಂದೇ ಪಂಚಾಯತಿಯ ಎರಡು ತಂತ್ರಾಂಶಗಳ ವಿವರವನ್ನು ಜೋಡಿಸಿ ನೋಡಬೇಕಾದಾಗ ನಡುವೆ ಒಂದು ಹೊಂದಾಣಿಕೆಯ ಪಟ್ಟಿ ಬೇಕಾಗುತ್ತದೆ. ಆ ಪಟ್ಟಿ ತಪ್ಪಿದರೆ ಒಂದು ಊರಿನ ಕಾಮಗಾರಿ ಇನ್ನೊಂದು ಊರಿನ ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಕಂದಾಯ ಗ್ರಾಮ ಮತ್ತು ಗ್ರಾಮ ಪಂಚಾಯತಿ ಒಂದೇ ಹೆಸರಿನಿಂದ ಕರೆಯಲ್ಪಟ್ಟರೂ ಅವು ಬೇರೆ ಬೇರೆ ಘಟಕಗಳು. ಒಂದು ಪಂಚಾಯತಿಯಲ್ಲಿ ಹಲವು ಗ್ರಾಮಗಳಿರಬಹುದು. ಪಂಚಾಯತಿಯ ಸಂಖ್ಯೆ ಕೇಳಿದಲ್ಲಿ ಗ್ರಾಮದ ಸಂಖ್ಯೆಯನ್ನು ಬರೆಯುವುದು ಎಚ್ಚರ ತಪ್ಪಿದಾಗ ಸುಲಭವಾಗಿ ನಡೆಯುವ ತಪ್ಪು.

ಘಟಕಗಳೂ ಬದಲಾಗುತ್ತವೆ. ಹಳಿಯಾಳದಿಂದ ದಾಂಡೇಲಿ ಪ್ರತ್ಯೇಕ ತಾಲೂಕಾದಾಗ ಜಿಲ್ಲೆಯ ತಾಲೂಕುಗಳು 11ರಿಂದ 12ಕ್ಕೆ ಏರಿದವು. ಭಟ್ಕಳ ತಾಲೂಕಿನ ಜಾಲಿಯಲ್ಲಿಯೂ ಹೊನ್ನಾವರ ತಾಲೂಕಿನ ಮಂಕಿಯಲ್ಲಿಯೂ ಗ್ರಾಮ ಪಂಚಾಯತಿಯ ಆಡಳಿತ ಹೋಗಿ ಪಟ್ಟಣ ಪಂಚಾಯತಿ ಬಂದಿತು. ಇಂತಹ ಮಾರ್ಪಾಡಿನ ದಿನದಿಂದ ಆ ಪ್ರದೇಶದ ಮನೆಗಳು ಯಾವ ಸಂಸ್ಥೆಗೆ ತೆರಿಗೆ ಕಟ್ಟಬೇಕು, ಆಸ್ತಿಯ ದಾಖಲೆ ಯಾವ ತಂತ್ರಾಂಶದಿಂದ ಬರಬೇಕು, ಅನುದಾನ ಯಾರ ಖಾತೆಗೆ ಸೇರಬೇಕು ಎಂಬ ಮೂರೂ ಬದಲಾಗುತ್ತವೆ. ಮೂಲ ಕೋಶದಲ್ಲಿ ಒಮ್ಮೆ ಬದಲಾದುದು ಎಲ್ಲ ತಂತ್ರಾಂಶಗಳಿಗೂ ಏಕಕಾಲದಲ್ಲಿ ತಲುಪಿದರೆ ಮಾತ್ರ ಮನೆಯವರು ಎರಡು ಕಚೇರಿಗಳ ನಡುವೆ ಅಲೆಯುವುದು ತಪ್ಪುತ್ತದೆ. ನೆರೆಯ ಪಂಚಾಯತಿಗಳಿಗೂ ಇದು ಸಂಬಂಧಿಸಿದ ವಿಷಯ. ಗಡಿಯಲ್ಲಿರುವ ಮಜಿರೆಗಳು ಯಾವ ಕಡೆ ಉಳಿದಿವೆ ಎಂಬುದನ್ನು ಅವರೂ ಪರಿಶೀಲಿಸಬೇಕಾಗುತ್ತದೆ.

5. ದರದ ಮೌಲ್ಯ: ಜಾರಿಯ ದಿನಾಂಕವಿಲ್ಲದೆ ಅಂಕಿ ಅಪೂರ್ಣ

ದರವನ್ನು ಒಂದೇ ಕಡೆ ಬರೆದರೆ ಸಾಲದು. ಅದು ಯಾವ ದಿನದಿಂದ ಯಾವ ದಿನದವರೆಗೆ ಅನ್ವಯ ಎಂಬುದನ್ನೂ ಅದರೊಂದಿಗೆ ಬರೆಯಬೇಕು.

ಉದ್ಯೋಗ ಖಾತರಿಯಡಿ ಕರ್ನಾಟಕದ ದಿನಗೂಲಿ 2023-24ರಲ್ಲಿ 316 ರೂಪಾಯಿ, 2024-25ರಲ್ಲಿ 349 ರೂಪಾಯಿ, 2025-26ರಲ್ಲಿ 370 ರೂಪಾಯಿ. 2025ರ ಮಾರ್ಚ್ ಕೊನೆಯ ವಾರದಲ್ಲಿ ದುಡಿದವರ ಕೂಲಿಯ ಆದೇಶ ಏಪ್ರಿಲ್‌ನಲ್ಲಿ ಸಿದ್ಧವಾದರೆ, ಅನ್ವಯವಾಗಬೇಕಾದುದು ದುಡಿದ ದಿನದ ದರವಾದ 349 ರೂಪಾಯಿ. ‘ಈಗಿನ ದರ’ ಎಂಬ ಒಂದೇ ಅಂಕಿಯನ್ನು ಇಟ್ಟುಕೊಂಡು ಹಳೆಯದನ್ನು ಅಳಿಸಿದ ತಂತ್ರಾಂಶಕ್ಕೆ ಈ ಲೆಕ್ಕ ಮಾಡಲು ಬರುವುದಿಲ್ಲ. ವಾರದ 6 ದಿನಕ್ಕೆ ಒಬ್ಬರ ಕೂಲಿಯಲ್ಲಿ ಆಗುವ ವ್ಯತ್ಯಾಸ 126 ರೂಪಾಯಿ. 40 ಜನರಿದ್ದರೆ 5,040 ರೂಪಾಯಿ. ಲೆಕ್ಕಪರಿಶೋಧನೆಯಲ್ಲಿ ಈ ಮೊತ್ತ ಆಕ್ಷೇಪಣೆಯಾಗಿ ಹಿಂದಿರುಗುತ್ತದೆ.

ಕಾಮಗಾರಿಗಳ ಅಂದಾಜು ಪಟ್ಟಿಗೂ ಇದೇ ನಿಯಮ. ಸಿಮೆಂಟಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆಯನ್ನು ಹೊರತುಪಡಿಸಿ 50,000 ರೂಪಾಯಿ ಬೆಲೆಯ ಸಿಮೆಂಟಿಗೆ ಹಿಂದೆ 14,000 ರೂಪಾಯಿ ತೆರಿಗೆಯಿದ್ದರೆ, ಈಗ 9,000 ರೂಪಾಯಿ. ಹಳೆಯ ದರದ ಪ್ರತಿಯನ್ನೇ ಇಟ್ಟುಕೊಂಡ ಅಂದಾಜು ಪಟ್ಟಿ ಪಂಚಾಯತಿಯ ಹಣವನ್ನು ವೃಥಾ ಕಟ್ಟಿಹಾಕುತ್ತದೆ. ಆ ದಿನಾಂಕಕ್ಕಿಂತ ಹಿಂದಿನ ಖರೀದಿಯ ಬಿಲ್ಲುಗಳನ್ನು ಪರಿಶೀಲಿಸುವಾಗ ಹಳೆಯ ದರವೇ ಸರಿ. ಆದ್ದರಿಂದ ಹೊಸ ದರ ಬಂದಾಗ ಹಳೆಯದನ್ನು ಅಳಿಸದೆ, ಅದರ ಮುಂದೆ ಕೊನೆಯ ದಿನಾಂಕವನ್ನು ನಮೂದಿಸಿ ಹೊಸದನ್ನು ಕೆಳಗೆ ಬರೆಯುವುದು ಸರಿಯಾದ ಕ್ರಮ. ಕಚೇರಿಯ ವಹಿಗಳಲ್ಲಿ ಹಿಂದಿನಿಂದಲೂ ಅನುಸರಿಸುತ್ತಿರುವ ಶಿಸ್ತು ಇದೇ.

6. ಪಂಚಾಯತಿಯ ಸ್ವಂತ ತೀರ್ಮಾನಕ್ಕೆ ಬಿಡಬೇಕಾದ ಮೌಲ್ಯಗಳು

ಎಲ್ಲವೂ ಒಂದೇ ಕಡೆ ಇರಬೇಕು ಎಂಬ ಮಾತನ್ನು ಎಲ್ಲೆ ಮೀರಿ ಎಳೆಯಬಾರದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 199 ತೆರಿಗೆ, ದರ ಮತ್ತು ಶುಲ್ಕಗಳನ್ನು ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯತಿಗೆ ನೀಡಿದೆ. ಕಾನೂನಿನ ಮಿತಿಯೊಳಗೆ ತನ್ನ ಊರಿನ ನೀರಿನ ದರ ಎಷ್ಟಿರಬೇಕು ಎಂಬುದು ಪಂಚಾಯತಿಯ ತೀರ್ಮಾನ.

ಹೊನ್ನಾವರ ತಾಲೂಕಿನೊಳಗೇ ಪರಿಸ್ಥಿತಿ ಒಂದೇ ತೆರನಾಗಿಲ್ಲ. ಕಡಲಂಚಿನಲ್ಲಿ ಬೇಸಿಗೆಯಲ್ಲಿ ಬಾವಿಗಳಿಗೆ ಉಪ್ಪುನೀರು ನುಗ್ಗುವ ಊರಿಗೆ ದೂರದಿಂದ ನೀರು ತರಬೇಕಾಗುತ್ತದೆ. ಶರಾವತಿಯ ಮೇಲ್ಭಾಗದಲ್ಲಿ, ಗೇರುಸೊಪ್ಪೆಯ ಕಡೆಯ ಗುಡ್ಡದ ಊರುಗಳಲ್ಲಿ ಖರ್ಚಿನ ಬಗೆಯೇ ಬೇರೆ. ನೀರಿನ ದರವನ್ನು ‘ಸಾಮಾನ್ಯ ಮೌಲ್ಯ’ ಎಂದು ಸರ್ವರ್‌ನಲ್ಲಿ ಒಂದೇ ಅಂಕಿಯಾಗಿ ಬರೆದುಬಿಟ್ಟರೆ, ಪಂಚಾಯತಿಯ ನಿರ್ಣಯ ಪುಸ್ತಕದಲ್ಲಿ ಒಂದು ದರವೂ ರಶೀದಿಯಲ್ಲಿ ಇನ್ನೊಂದು ದರವೂ ಬರುತ್ತದೆ. ಯಾರೂ ಸಭೆ ಸೇರದೆ, ಯಾರೂ ಮತ ಹಾಕದೆ ಪಂಚಾಯತಿಯ ಅಧಿಕಾರವೊಂದು ಸೆಟ್ಟಿಂಗ್ ಒಂದರೊಳಗೆ ಕರಗಿದಂತಾಗುತ್ತದೆ.

ಆದ್ದರಿಂದ ವಿಂಗಡಣೆ ಹೀಗಿರಬೇಕು: ರಾಜ್ಯಕ್ಕೆಲ್ಲ ಅಥವಾ ದೇಶಕ್ಕೆಲ್ಲ ಒಂದೇ ಆಗಿರುವ ಸಂಗತಿ ಸಾಮಾನ್ಯ ಮೂಲದಲ್ಲಿರಬೇಕು. ಪಂಚಾಯತಿ ನಿರ್ಣಯಿಸುವ ಸಂಗತಿ ಪಂಚಾಯತಿಯ ಮೌಲ್ಯವಾಗಿ, ನಿರ್ಣಯದ ಸಂಖ್ಯೆ ಮತ್ತು ದಿನಾಂಕದೊಂದಿಗೆ ಇರಬೇಕು. ಮೂರನೆಯ ಭಾಗದಲ್ಲಿ ಹೇಳಿದ ಸ್ವಂತ ಕಡತದ ಆದ್ಯತೆ ಇಲ್ಲಿ ಉಪಯುಕ್ತವಾಗುತ್ತದೆ; ಆದರೆ ಆ ಆದ್ಯತೆಯ ಹಿಂದೆ ಸಭೆಯ ನಡಾವಳಿ ಇರಬೇಕೇ ಹೊರತು ತುರ್ತಿಗೆ ಮಾಡಿದ ತಿದ್ದುಪಡಿ ಇರಬಾರದು.

7. ಹಂಚಲೇಬಾರದ ಮೌಲ್ಯಗಳು

ಗುಪ್ತಪದ, ಒ.ಟಿ.ಪಿ., ಡಿಜಿಟಲ್ ಸಹಿಯ ಕೀಲಿ ಮತ್ತು ಅದರ ಪಿನ್ ಸಂಖ್ಯೆ ಸಹ ಒಂದರ್ಥದಲ್ಲಿ ಸಂರಚನಾ ಮೌಲ್ಯಗಳೇ. ಆದರೆ ಅವುಗಳನ್ನು ಹಂಚಿಕೆಯ ಕಡತದಲ್ಲಿ ಇಡುವಂತಿಲ್ಲ. ಸರ್ವರ್‌ನ ಸಾಮಾನ್ಯ ಕಡತದಲ್ಲಿ ದತ್ತಾಂಶ ಸಂಗ್ರಹದ ಗುಪ್ತಪದವನ್ನು ಬರೆದಿಟ್ಟರೆ, ಆ ಸರ್ವರ್‌ನ ಯಾವುದಾದರೂ ಒಂದು ದುರ್ಬಲ ತಂತ್ರಾಂಶದ ಮೂಲಕ ಒಳನುಗ್ಗಿದವರಿಗೆ ಉಳಿದೆಲ್ಲ ತಂತ್ರಾಂಶಗಳ ಬಾಗಿಲೂ ತೆರೆಯುತ್ತದೆ. ಆದ್ದರಿಂದ ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಗುಪ್ತಪದವಿದ್ದು, ಅದಕ್ಕೆ ಅಗತ್ಯವಿರುವಷ್ಟೇ ಅಧಿಕಾರ ನೀಡುವುದು ತಂತ್ರಜ್ಞರು ಪಾಲಿಸುವ ನಿಯಮ.

ಪಂಚಾಯತಿ ಕಚೇರಿಗೂ ಇದೇ ನಿಯಮ ಅನ್ವಯ. ಎಲ್ಲ ತಂತ್ರಾಂಶಗಳಿಗೂ ಒಂದೇ ಗುಪ್ತಪದವಿಟ್ಟು ಅದನ್ನು ಗಣಕಯಂತ್ರದ ಪಕ್ಕದ ಗೋಡೆಗೆ ಅಂಟಿಸುವುದು, ಅಧ್ಯಕ್ಷರ ಡಿಜಿಟಲ್ ಸಹಿಯ ಕೀಲಿಯನ್ನು ಪಿನ್ ಸಂಖ್ಯೆಯೊಂದಿಗೆ ಬೇರೆಯವರ ಮೇಜಿನ ಖಾನೆಯಲ್ಲಿ ಬಿಡುವುದು ಅನುಕೂಲವೆನಿಸಬಹುದು. ಆದರೆ ಡಿಜಿಟಲ್ ಸಹಿಯು ಕಾನೂನಿನ ದೃಷ್ಟಿಯಲ್ಲಿ ಅಧ್ಯಕ್ಷರದೇ ಸಹಿ. ಬರಿದಾದ ಚೆಕ್ಕಿಗೆ ಸಹಿ ಮಾಡಿ ಒಪ್ಪಿಸುವುದಕ್ಕೂ ಕೀಲಿ ಮತ್ತು ಪಿನ್ ಎರಡನ್ನೂ ಬಿಟ್ಟುಕೊಡುವುದಕ್ಕೂ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ. ತಂತ್ರಾಂಶದ ಪರಿಚಯ ಕಡಿಮೆಯಿರುವ ಅಧ್ಯಕ್ಷರು ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಪರದೆಯ ಮೇಲಿನ ಹೆಸರು, ಮೊತ್ತ ಮತ್ತು ಕಾಮಗಾರಿಯನ್ನು ಓದಿಸಿ ಕೇಳಿದ ನಂತರ ಪಿನ್ ಸಂಖ್ಯೆಯನ್ನು ಸ್ವತಃ ಒತ್ತುವುದು ಅವರ ಹಕ್ಕು ಮತ್ತು ಹೊಣೆ.

8. ಗ್ರಾಮ ಪಂಚಾಯತಿಯು ಕೈಗೊಳ್ಳಬಹುದಾದ ಕ್ರಮ

ಸರ್ವರ್‌ನ ಕಡತಗಳನ್ನು ಪಂಚಾಯತಿ ತಿದ್ದಲಾರದು. ಆದರೆ ತನ್ನ ಮೌಲ್ಯಗಳು ಎಲ್ಲೆಲ್ಲಿ ಹೇಗೆ ನಮೂದಾಗಿವೆ ಎಂಬುದರ ಅರಿವು ಅದಕ್ಕಿರಬೇಕು. ಇದಕ್ಕಾಗಿ ಪ್ರತಿ ಪಂಚಾಯತಿಯಲ್ಲಿ ‘ಸಾಮಾನ್ಯ ಮೌಲ್ಯಗಳ ವಹಿ’ ಎಂಬ ಸರಳ ಪುಸ್ತಕವೊಂದನ್ನು ಇರಿಸಿಕೊಳ್ಳುವುದು ಸೂಕ್ತ. ಅದರ ಅಂಕಣಗಳು ಹೀಗಿರಬಹುದು:

1. ಮೌಲ್ಯದ ಹೆಸರು
2. ಜಾರಿಯಲ್ಲಿರುವ ಮೌಲ್ಯ
3. ಮೂಲ ಆದೇಶ ಅಥವಾ ನಿರ್ಣಯದ ಸಂಖ್ಯೆ ಮತ್ತು ದಿನಾಂಕ
4. ಜಾರಿಗೆ ಬಂದ ದಿನಾಂಕ. ಕೊನೆಗೊಂಡಿದ್ದರೆ ಆ ದಿನಾಂಕ
5. ಯಾವ ಯಾವ ತಂತ್ರಾಂಶಗಳಲ್ಲಿ ಬಳಕೆಯಲ್ಲಿದೆ
6. ಬದಲಾಯಿಸುವ ಅಧಿಕಾರ ಯಾರಿಗಿದೆ: ಪಂಚಾಯತಿ, ತಾಲೂಕು, ಜಿಲ್ಲೆ, ರಾಜ್ಯ ಅಥವಾ ಕೇಂದ್ರ
7. ಪ್ರತಿ ತಂತ್ರಾಂಶದ ಪರದೆಯಲ್ಲಿ ತಾಳೆ ನೋಡಿದ ದಿನಾಂಕ ಮತ್ತು ಸಹಿ

ಗುಪ್ತಪದ ಹಾಗೂ ಪಿನ್ ಸಂಖ್ಯೆಗಳನ್ನು ಈ ವಹಿಯಲ್ಲಿ ಬರೆಯತಕ್ಕದ್ದಲ್ಲ.

ಪಂಚಾಯತಿಯ ಎಲ್.ಜಿ.ಡಿ. ಸಂಖ್ಯೆ, ಪ್ರತಿ ಬ್ಯಾಂಕ್ ಖಾತೆಯ ಐ.ಎಫ್.ಎಸ್. ಸಂಕೇತ, ನೀರಿನ ದರ ಮತ್ತು ಗ್ರಂಥಾಲಯ ಕರ: ಈ ನಾಲ್ಕರಿಂದ ಆರಂಭಿಸಿದರೆ ಒಂದು ಪುಟ ಸಾಕು. ಏಳನೆಯ ಅಂಕಣ ಅತಿ ಮುಖ್ಯವಾದುದು. ಆದೇಶ ಬಂದಿದೆ ಎಂಬುದಷ್ಟರಿಂದ ತಂತ್ರಾಂಶದಲ್ಲಿ ಬದಲಾಗಿದೆ ಎಂದು ಭಾವಿಸಬಾರದು. ಪರದೆಯನ್ನು ತೆರೆದು, ಒಂದು ಮಾದರಿ ರಶೀದಿಯ ಲೆಕ್ಕವನ್ನು ಕೈಯಿಂದ ಮಾಡಿ ನೋಡಬೇಕು.

ಆರನೆಯ ಅಂಕಣ ದೂರು ಸರಿಯಾದ ವಿಳಾಸಕ್ಕೆ ಹೋಗುವಂತೆ ಮಾಡುತ್ತದೆ. ರಾಜ್ಯ ಮಟ್ಟದಲ್ಲಿ ಮಾತ್ರ ಬದಲಾಯಿಸಬಹುದಾದ ಮೌಲ್ಯಕ್ಕಾಗಿ ಆಪರೇಟರರನ್ನು ದೂಷಿಸುವುದರಿಂದ ಪ್ರಯೋಜನವಿಲ್ಲ. ಪಂಚಾಯತಿಯೇ ತಿದ್ದಬಹುದಾದುದನ್ನು ‘ಸರ್ವರ್ ಸಮಸ್ಯೆ’ ಎಂದು ಕೈಬಿಡುವುದೂ ಸರಿಯಲ್ಲ. ಮೇಲಿನ ಕಚೇರಿಗೆ ಬರೆಯುವಾಗ ಮೌಲ್ಯದ ಹೆಸರು, ಇರಬೇಕಾದುದು, ಕಾಣುತ್ತಿರುವುದು, ಯಾವ ತಂತ್ರಾಂಶದಲ್ಲಿ ಮತ್ತು ಯಾವ ದಿನಾಂಕದಿಂದ ಎಂಬ ಐದು ವಿವರಗಳನ್ನು ನೀಡಿದರೆ ಪರಿಹಾರ ಬೇಗ ದೊರೆಯುತ್ತದೆ.

ಬದಲಾವಣೆಯ ಸಂದರ್ಭದಲ್ಲಿ ಸದಸ್ಯರು ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು:

1. ಈ ಮೌಲ್ಯದ ಮೂಲ ಯಾವುದು? ಆದೇಶದ ಪ್ರತಿ ಕಡತದಲ್ಲಿದೆಯೇ?
2. ಇದು ಯಾವ ದಿನಾಂಕದಿಂದ ಜಾರಿ? ಅದಕ್ಕೂ ಹಿಂದಿನ ಬಾಕಿಗೆ ಯಾವ ದರ?
3. ಇದನ್ನು ಬಳಸುವ ತಂತ್ರಾಂಶಗಳು ಯಾವುವು? ಎಲ್ಲದರಲ್ಲಿಯೂ ತಾಳೆ ನೋಡಲಾಗಿದೆಯೇ?
4. ಪಂಚಾಯತಿಯ ನಿರ್ಣಯಕ್ಕೂ ತಂತ್ರಾಂಶದ ಲೆಕ್ಕಕ್ಕೂ ವ್ಯತ್ಯಾಸವಿದೆಯೇ?
5. ಬದಲಾವಣೆಯ ನಂತರ ಹಿಂದಿರುಗಿದ ಪಾವತಿಗಳೆಷ್ಟು? ಅವು ಯಾರಿಗೆ ಸಲ್ಲಬೇಕಾಗಿದ್ದವು? ಮರುಪಾವತಿ ಆಗಿದೆಯೇ?

ಐದನೆಯ ಪ್ರಶ್ನೆಯನ್ನು ಪ್ರತಿ ಸಾಮಾನ್ಯ ಸಭೆಯಲ್ಲಿಯೂ ಕೇಳುವುದು ಒಳಿತು. ಹಿಂದಿರುಗಿದ ಪಾವತಿಗಳ ಪಟ್ಟಿಯನ್ನು ಹಣಕಾಸು ವಿಷಯಗಳ ಸ್ಥಾಯಿ ಸಮಿತಿಯ ಮುಂದಿಟ್ಟರೆ, ಹಳೆಯ ಪ್ರತಿ ಎಲ್ಲಿ ಉಳಿದಿದೆ ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ. ಜಮಾಬಂದಿಯ ಸಂದರ್ಭದಲ್ಲಿ ವಹಿಯನ್ನು ಸಾರ್ವಜನಿಕರ ಪರಿಶೀಲನೆಗೆ ಇಡಬಹುದು.

ಪುನರವಲೋಕನ ಪ್ರಶ್ನೆಗಳು

1. ಒಂದು ಆಸ್ತಿಯ ತೆರಿಗೆ 2,400 ರೂಪಾಯಿ. ಗ್ರಂಥಾಲಯ ಕರ ಎಷ್ಟು? ಇದರಲ್ಲಿ ಕೆಲಸದ ಕ್ರಮ ಯಾವುದು, ಮೌಲ್ಯ ಯಾವುದು?
2. ಸಾಮಾನ್ಯ ಕಡತದಲ್ಲಿ ದರವನ್ನು ತಿದ್ದಿದ ಮೇಲೂ ಒಂದು ತಂತ್ರಾಂಶ ಮಾತ್ರ ಹಳೆಯ ದರವನ್ನು ತೋರಿಸುತ್ತಿದೆ. ಸಂಭವನೀಯ ಕಾರಣಗಳು ಎರಡನ್ನು ಬರೆಯಿರಿ.
3. ಈ ಕೆಳಗಿನವುಗಳನ್ನು ಸಾಮಾನ್ಯ ಮೂಲದಲ್ಲಿ ಇಡಬೇಕಾದುದು, ಪಂಚಾಯತಿ ನಿರ್ಣಯಿಸಬೇಕಾದುದು ಮತ್ತು ಹಂಚಬಾರದುದು ಎಂದು ವಿಂಗಡಿಸಿರಿ: ಪಂಚಾಯತಿಯ ಎಲ್.ಜಿ.ಡಿ. ಸಂಖ್ಯೆ, ನೀರಿನ ದರ, ಅಧ್ಯಕ್ಷರ ಪಿನ್ ಸಂಖ್ಯೆ, ಉದ್ಯೋಗ ಖಾತರಿಯ ದಿನಗೂಲಿ, ದತ್ತಾಂಶ ಸಂಗ್ರಹದ ಗುಪ್ತಪದ.
4. 2025ರ ಮಾರ್ಚ್ 27ರಿಂದ ಏಪ್ರಿಲ್ 3ರವರೆಗಿನ ದಿನಗಳಲ್ಲಿ ಒಬ್ಬರು ಮಾರ್ಚ್‌ನಲ್ಲಿ 4 ದಿನ ಮತ್ತು ಏಪ್ರಿಲ್‌ನಲ್ಲಿ 3 ದಿನ ದುಡಿದಿದ್ದರೆ ಅವರ ಕೂಲಿ ಎಷ್ಟಾಗಬೇಕು?
5. ತಮ್ಮ ಪಂಚಾಯತಿಯ ಯಾವುದಾದರೂ ಒಂದು ಬ್ಯಾಂಕ್ ಖಾತೆಯ ಐ.ಎಫ್.ಎಸ್. ಸಂಕೇತವನ್ನು ಪಾಸ್ ಪುಸ್ತಕದಲ್ಲಿ, ಪಂಚತಂತ್ರದಲ್ಲಿ ಮತ್ತು ಇ-ಗ್ರಾಮ ಸ್ವರಾಜ್‌ನಲ್ಲಿ ನೋಡಿ ಬರೆದುಕೊಳ್ಳಿರಿ. ಮೂರೂ ಒಂದೇ ಆಗಿವೆಯೇ? ಆಗಿರದಿದ್ದಲ್ಲಿ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಿಷಯವನ್ನು ಸೇರಿಸಲು ಲಿಖಿತವಾಗಿ ಕೋರಿರಿ.

ಉತ್ತರಗಳು: ಪ್ರಶ್ನೆ 1ಕ್ಕೆ 144 ರೂಪಾಯಿ, ‘ತೆರಿಗೆಯನ್ನು ದರದಿಂದ ಗುಣಿಸುವುದು’ ಕ್ರಮ, ‘ಶೇಕಡಾ 6’ ಮೌಲ್ಯ. ಪ್ರಶ್ನೆ 4ಕ್ಕೆ ಮಾರ್ಚ್‌ನ 4 ದಿನಗಳಿಗೆ 1,396 ರೂಪಾಯಿ, ಏಪ್ರಿಲ್‌ನ 3 ದಿನಗಳಿಗೆ 1,110 ರೂಪಾಯಿ, ಒಟ್ಟು 2,506 ರೂಪಾಯಿ. ಪ್ರಶ್ನೆ 2 ಮತ್ತು 3ರ ಉತ್ತರಗಳನ್ನು ಪಾಠದ 3, 4, 5, 6 ಮತ್ತು 7ನೆಯ ಭಾಗಗಳೊಂದಿಗೆ ತಾಳೆ ನೋಡತಕ್ಕದ್ದು. ಪ್ರಶ್ನೆ 5ರ ಉತ್ತರ ಆಯಾ ಪಂಚಾಯತಿಯ ಕಚೇರಿಯಲ್ಲಿದೆ.